ಕೊಕ್ಕೆಗೆ ಹಾಕದ ಕೂಸು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಸುಳ್ಳೇನಲ್ಲ. ಸಾವಳಗಿ ರಸ್ತೆಗೆ ಹತ್ತಿದ ನಮ್ಮ ಸಣ್ಣ ಊರಿನಲ್ಲಿ ಹದಿನಾಲ್ಕು ವರ್ಷದಿಂದ ಅಂಗನವಾಡಿ ನಡೆಸುತ್ತಿದ್ದೇನೆ. ದಿನಾ ಮೂವತ್ತು ಮಕ್ಕಳ ಮೂಗು ಒರೆಸಬೇಕು. ಜನ್ಮದಲ್ಲಿ ತತ್ತಿ ಬಾಯಿಗಿಟ್ಟವಳಲ್ಲ, ಆದರೂ ಕುದಿಸಿದ ತತ್ತಿಗಳ ಸಿಪ್ಪೆ ಸುಲಿಯಬೇಕು. ಸುಲಿದ ಕೈ ಅಂತ ಸಂಜೆ ಸ್ನಾನವಾಗುವತನಕ ನನ್ನದೇ ಅಡುಗೆಮನೆಗೆ ನನಗೆ ಪ್ರವೇಶವಿಲ್ಲ. ಇಷ್ಟಾದ ಮೇಲೆ ಸಿಟ್ಟು ಬರದೆ ಇನ್ನೇನು ಬಂದೀತು? ಕಟ್ಟೆಯ ಮೇಲೆ ಕೂತ ಗಂಡಸರು ಕೂಡ ನನ್ನನ್ನು ಕಂಡರೆ ಬೀಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಾರೆ. ಇಂಥ ವರದಾ ಅಕ್ಕೋರನ್ನು ಸೋಲಿಸಿದವಳು ಊರಲ್ಲಿ ಒಬ್ಬಳೇ, ಕುರಿ ಸಾಕುವ ಸಾತವ್ವ.

ನಮ್ಮಿಬ್ಬರ ಜಗಳ ಒಂದೇ ವಿಷಯಕ್ಕೆ. ಸಾತವ್ವ ತನ್ನ ಮೊಮ್ಮಗಳು ಮಾಯಾಳನ್ನು ತೂಗಲು ಬಿಡುತ್ತಿರಲಿಲ್ಲ.

ತಿಂಗಳಿಗೊಮ್ಮೆ ಊರಿನ ಎಲ್ಲ ಕೂಸುಗಳ ತೂಕ ನೋಡಿ ಮೊಬೈಲಿನಲ್ಲಿ ತುಂಬುವುದು ನನ್ನ ಕೆಲಸ. ಅಂಗನವಾಡಿಯ ಜಂತಿಗೆ ಕೊಕ್ಕೆಯ ತಕ್ಕಡಿ ಕಟ್ಟಿದ್ದೇನೆ. ಗಡಿಯಾರದಂಥ ದುಂಡು ಮುಖ, ಕೆಳಗೆ ಕೊಕ್ಕೆ, ಕೊಕ್ಕೆಗೆ ಚಡ್ಡಿಯಂತೆ ಹೊಲಿದ ಬಟ್ಟೆಯ ಚೀಲ. ಅದರಲ್ಲಿ ಕೂಸನ್ನು ಕೂರಿಸಿದರೆ ಅದು ಕಾಲು ಬಡಿದು ಅಳುತ್ತದೆ, ಮುಳ್ಳು ಅಲುಗಾಡಿ ನಿಲ್ಲುತ್ತದೆ, ಆಯಿತು. ಆದರೆ ಅಂಥದೇ ತಕ್ಕಡಿ ಸಾತವ್ವನ ಅಂಗಳದ ಬೇವಿನ ಮರಕ್ಕೂ ನೇತಾಡುತ್ತದೆ. ವ್ಯಾಪಾರಿ ಬಂದಾಗ ಟಗರಿನ ಕಾಲು ಕಟ್ಟಿ ಅದಕ್ಕೆ ಹಾಕುತ್ತಾರೆ. ಅದಕ್ಕೆ ಬಿದ್ದ ಟಗರು ಅವತ್ತೇ ವ್ಯಾಪಾರಿಯ ಗಾಡಿ ಹತ್ತಬೇಕು.

“ನಮ್ಮ ಮನ್ಯಾಗ ಕೊಕ್ಕಿಗೆ ಹಾಕಿದ್ದು ತಿರುಗಿ ಕುರಿ ದಡ್ಡಿಗೆ ಬಂದಿಲ್ರಿ ಅಕ್ಕೋರ,” ಎಂದಿದ್ದಳು ಸಾತವ್ವ, ಮೊದಲ ಸಲವೇ. “ಕೂಸಿನ್ನ ಅದಕ್ಕ ಹಾಕಂಗಿಲ್ಲ.”

“ಇದು ಕುರಿ ತೂಗೂ ತಕ್ಕಡಿ ಅಲ್ಲ ಸಾತವ್ವಾ. ಸರಕಾರದ್ದು ಅದ.”

“ಯಾರದರ ಇರ್ಲಿ. ಕೊಕ್ಕಿ ಕೊಕ್ಕೀನ.”

ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿಯನ್ನಾದರೂ ಸುತ್ತುತ್ತೇನೆ ಎಂದೆ. ಅಳೆಯುವುದೂ ತೂಗುವುದೂ ಒಂದೇ ಎಂದಳು. ಮಾಯಾಳ ತೋಳಿನಲ್ಲಿ ಬೀರೇಶ್ವರನ ಗುಡಿಯಿಂದ ತಂದ ಕರಿ ದಾರ ಇತ್ತು, ಅದರ ಹತ್ತಿರ ನನ್ನ ಕೈ ಸುಳಿಯುವಂತಿರಲಿಲ್ಲ. ನಾನೂ ಬಾಯಿ ಮಾಡಿದೆ, ಅವಳೂ ಮಾಡಿದಳು. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತು ನೋಡಿದರು.

ಇನ್ನು ನಾನು ಮಾಡಿದ ತಪ್ಪನ್ನು ಹೇಳಬೇಕು. ಒಂದು ಕೂಸಿನ ತೂಕ ತುಂಬದಿದ್ದರೂ ಮೊಬೈಲಿನ ಯಾದಿ ಪೂರ್ತಿಯಾಗುವುದಿಲ್ಲ. ಆಗದಿದ್ದರೆ ಮೇಲಿನವರ ಫೋನು ಬರುತ್ತದೆ. ಎರಡು ಸಲ ಬಂತು. ಮೂರನೆಯ ಸಲ ಬರುವ ಮೊದಲೇ ನಾನು ಮಾಯಾಳನ್ನು ದೂರದಿಂದ ಕಣ್ಣಳತೆಯಲ್ಲಿ ನೋಡಿ ಏಳು ಕಿಲೊ ಇನ್ನೂರು ಎಂದು ಒತ್ತಿಬಿಟ್ಟೆ. ಆಗ ಅವಳಿಗೆ ಒಂಬತ್ತು ತಿಂಗಳು. ಮುಂದಿನ ತಿಂಗಳು ಏಳೂವರೆ. ಹಾಗೇ ಏರುತ್ತ ಹೋಗಿ, ಹದಿಮೂರು ತಿಂಗಳಿಗೆ ಎಂಟು ಕಿಲೊ ನೂರು ಗ್ರಾಂ. ನನ್ನ ಫೋನಿನಲ್ಲಿ ಮಾಯಾ ಯಾರ ಹಂಗೂ ಇಲ್ಲದೆ ಚೆನ್ನಾಗಿ ಬೆಳೆಯುತ್ತಿದ್ದಳು.

ಅವಳ ತಾಯಿ ರೇಷ್ಮಾ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋಗುವವಳು. ಗಂಡ ಮಾಳು ಕುರಿ ಹಿಂಡು ಹೊಡೆದುಕೊಂಡು ಬೀಳಗಿ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಕೂಸು ಹಗಲೆಲ್ಲ ಅಜ್ಜಿಯ ಹತ್ತಿರ. ಒಂದು ಸಂಜೆ ರೇಷ್ಮಾ ಕಳೆ ತೆಗೆಯುವ ಕುರ್ಚಿಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿಯಲ್ಲಿ ಎದುರಾದಳು.

“ಅಕ್ಕೋರ, ನಮ್ಮ ಮಾಯಾ ಬರೋಬ್ಬರಿ ಅದಾಳಲ್ರಿ? ಮತ್ತ ಮತ್ತ ಜಡ್ಡ ಬೀಳತಾಳ ಅಂತ ಚಿಂತಿ ನನಗ.”

“ಛಲೋ ಇದ್ದಾಳ. ಎಂಟು ಕಿಲೊದ ಮ್ಯಾಲ ಆಗ್ಯಾಳ,” ಎಂದೆ.

ಅತ್ತೆ ಕೊನೆಗೂ ತೂಗಲು ಒಪ್ಪಿದಳೆಂದು ಅವಳು ತಿಳಿದಿರಬೇಕು. ದಣಿದ ಮುಖದಲ್ಲಿ ನಗು ಮೂಡಿತು. ನಾನು ತಿದ್ದಲಿಲ್ಲ. ಅವತ್ತು ನನ್ನ ತತ್ತಿಗಳು ಒಲೆಯ ಮೇಲಿದ್ದವು, ಅವಸರದಲ್ಲಿದ್ದೆ.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ನನ್ನ ಸಹಾಯಕಿ ಬೋರವ್ವ ಕಸ ಹೊಡೆಯುತ್ತ ಹೇಳಿದಳು: “ಸಾತವ್ವನ ಕೂಸಿಗೆ ಮತ್ತ ಜುಲಾಬ ಹತ್ತೇತ್ರಿ. ಮೂರ ದಿನಾ ಆತಂತ. ಊಟಾ ಬಿಡಿಸ್ಯಾರ, ಬರೇ ಚಾ ನೀರ ಕೊಡಾಕತ್ತಾರ.”

ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ನಾನು ಉಪ್ಪು-ಸಕ್ಕರೆಯ ಪುಡಿಯ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಸಾತವ್ವನಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡೇ ಹೋದೆ.

ಪಡಸಾಲೆಯಲ್ಲಿ ಮಡಿಸಿದ ಕಂಬಳಿಯ ಮೇಲೆ ಮಾಯಾ ಮಲಗಿದ್ದಳು. ನನ್ನನ್ನು ಕಂಡರೆ ಬಾಯಿ ತೆರೆದು ಅಳುವ ಕೂಸು ಅದು, ನಾನೆಂದರೆ ಸೂಜಿಯವಳು ಎಂಬ ಭಯ. ಅವತ್ತು ಅಳಲಿಲ್ಲ. ಕಣ್ಣು ನನ್ನ ಮೇಲೆ ಬಂದು, ಹಾಗೇ ಇನ್ನೆಲ್ಲಿಗೋ ಹೋಯಿತು. ಪಕ್ಕದಲ್ಲಿ ಹಾಲಿನ ಬಾಟಲಿ, ಅರ್ಧ ಹಾಲು ಅರ್ಧ ನೀರು, ರಬ್ಬರಿನ ತುದಿಗೆ ನೊಣ. ಜೋಡಿಸಿಕೊಂಡು ಬಂದ ಮಾತೆಲ್ಲ ನನಗೆ ಮರೆತುಹೋಯಿತು. ಬರೀ ಹೆದರಿಕೆಯಾಯಿತು.

“ಮೂರು ದಿನದಿಂದ ಹೊಟ್ಟೀಗೆ ಏನೂ ಕೊಟ್ಟಿಲ್ಲೇನು ಸಾತವ್ವಾ?”

“ಹೊಟ್ಟಿ ಕೆಟ್ಟಾಗ ಹೊಟ್ಟಿಗಿ ಹಾಕಬಾರದಲ್ರಿ,” ಎಂದಳು ಅವಳು. ನಿದ್ದೆಗೆಟ್ಟ ಕಣ್ಣು, ಒದ್ದೆ ಸೆರಗು. ಅಂಗಳದ ಹಗ್ಗದ ತುಂಬ ಕೂಸಿನ ಬಟ್ಟೆ ಒಗೆದು ಹರವಿದ್ದಳು. “ಕುರಿಗೆ ಝಾಡಿಸಿದ್ರ ಹಸಿ ಮೇವು ನಿಲ್ಲಸ್ತೇವಿ. ಹೊಟ್ಟಿ ತಣ್ಣಗ ಆಗ್ಲಿ ಅಂತ.”

ಕೂಸನ್ನು ಕಡೆಗಣಿಸಿದವಳ ಮಾತಲ್ಲ ಅದು. ತನಗೆ ಗೊತ್ತಿದ್ದುದನ್ನೆಲ್ಲ ಮಾಡಿ ಸೋತವಳ ಮಾತು. ನಾನು ಕುದಿಸಿ ಆರಿಸಿದ ನೀರು ಕೇಳಿ ಪುಡಿ ಕಲಸಿದೆ. ಸಾತವ್ವ ಕೂಸನ್ನು ತೊಡೆಗೆ ಹಾಕಿಕೊಂಡು ಚಮಚದಿಂದ ಹನಿ ಹನಿಯಾಗಿ ಹಾಕಿದಳು. ಮಾಯಾ ನುಂಗಿದಳು. ಅರ್ಧ ಬಟ್ಟಲು ಮುಗಿಯುವತನಕ ನಾವಿಬ್ಬರೂ ಜಗಳದ ಮಾತೆತ್ತಲಿಲ್ಲ.

“ಇವಳನ್ನ ಇವತ್ತ ಜಮಖಂಡಿ ದವಾಖಾನಿಗೆ ಒಯ್ಯಬೇಕು,” ಎಂದೆ. “ಭಾಳ ಇಳದಾಳ.”

“ಏನ್ ಇಳದಾಳ್ರಿ, ಹಲ್ಲ ಬರೂ ಮುಂದ ಎಲ್ಲಾ ಕೂಸು ಹಂಗ. ದಿನಾ ಎತ್ತತೇನಿ, ನನಗ ತಿಳಿಯಂಗಿಲ್ಲೇನು? ನೀವ ಎಂಟ ಕಿಲೊ ಅಂದೀರಂತಲ್ಲ, ರೇಷ್ಮಾ ಅಂದ್ಳು. ಹೆಂಗ ತೂಗಿದ್ರೋ ಏನೋ.”

ನಾನು ಉಳಿದ ಪೊಟ್ಟಣಗಳನ್ನು ಚೀಲದಲ್ಲಿ ಮತ್ತೆ ಎಣಿಸತೊಡಗಿದೆ. ಸಾತವ್ವ ಕೂಸನ್ನು ಮಲಗಿಸಿ ದಡ್ಡಿಯ ಕಡೆ ಹೋದಳು, ಈದ ಕುರಿಗಳ ಮರಿಗಳಿಗೆ ಹಾಲುಣಿಸುವ ಹೊತ್ತು. ನಾನೂ ಹಿಂದೆ ಹೋದೆ. ಬುಟ್ಟಿಯಡಿಯಿಂದ ಎರಡು ಮರಿ ತೆಗೆದಳು. ಎರಡೂ ಹುಟ್ಟಿ ಹತ್ತು ದಿನದವು, ನೋಡಲು ಒಂದೇ ಥರ. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಎತ್ತಿಕೊಂಡು, ಕಣ್ಣು ಅರೆಮುಚ್ಚಿ ತುಸು ಹೊತ್ತು ನಿಂತಳು. ಎಡಗೈಯ ಮರಿಯನ್ನು ತಾಯಿಯ ಕೆಚ್ಚಲಿಗೆ ಬಿಟ್ಟಳು. ಬಲಗೈಯದನ್ನು ಬೇರೆ ಇಟ್ಟಳು.

“ಅದನ್ಯಾಕ ಬ್ಯಾರೆ ಇಟ್ರಿ?”

“ಇದು ಹಗುರ ಐತಿ. ಹಾಲ ಹತ್ತವಲ್ದು ಇದಕ್ಕ.”

“ನೋಡ್ಲಿಕ್ಕೆ ಎರಡೂ ಒಂದ ಥರ ಅವ.”

“ಕಣ್ಣಿಗೆ ಒಂದ ಥರಾರಿ. ಒಂದ ಮರಿ ಎತ್ತಿದ್ರೂ ತಿಳಿಯಂಗಿಲ್ಲ. ದಿನಾ ಎತ್ತೂ ಕೈ ಮೋಸ ಹೋಗತೈತಿ. ವಾರಿಗಿ ಮರಿ ಜೋಡಿ ಎತ್ತಬೇಕು. ಹಗುರ ಇದ್ದದ್ದು ತಾನ ಹೇಳತೈತಿ.”

“ಹಗುರ ಇದ್ದದ್ದಕ್ಕ ಏನು ಮಾಡ್ತೀರಿ?”

“ತಾಸಿಗೊಮ್ಮೆ ಚೂರ ಚೂರ ಹಾಲ. ಒಮ್ಮೆಲೆ ಕುಡಿಸಿದ್ರ ಸಾಯತೈತಿ,” ಎಂದಳು. ಅಂಗೈಯಲ್ಲಿ ಹಿಂಡಿಕೊಂಡ ಹಾಲಿಗೆ ಬೆರಳದ್ದಿ ಆ ಮರಿಯ ಬಾಯಿಗಿಟ್ಟಳು.

ಹದಿನಾಲ್ಕು ವರ್ಷ ತರಬೇತಿ ಅಂತ ಎಷ್ಟು ಕಡೆ ಕೂತು ಬಂದಿದ್ದೇನೋ. ಇವಳಿಗೆ ಕಲಿಸುವುದೇನೂ ಉಳಿದಿಲ್ಲ ಅಂತ ನನಗೆ ಹೊಳೆದದ್ದು ಆಗ. ಗೊತ್ತಿದ್ದದ್ದೆಲ್ಲ ದಡ್ಡಿಯಲ್ಲಿತ್ತು, ಪಡಸಾಲೆಗೆ ಬಂದಿರಲಿಲ್ಲ ಅಷ್ಟೆ.

“ಸಾತವ್ವಾ,” ಎಂದೆ, “ಮಾಯಾನ್ನೂ ಹಂಗ ಎತ್ತಿ ನೋಡ್ರಿ. ಆಕಿ ವಯಸ್ಸಿನ ವಾರಿಗಿ ಕೂಸಿನ ಜೋಡಿ.”

ಅವಳು ತಿರುಗಿ ನನ್ನನ್ನು ನೋಡಿದಳು. ಬೇಡ ಅನ್ನಲು ಕಾರಣ ಹುಡುಕಿದಳೇನೋ, ಸಿಗಲಿಲ್ಲ. ಇದರಲ್ಲಿ ಕೊಕ್ಕೆ ಇರಲಿಲ್ಲ.

ಬೋರವ್ವನ ಮೊಮ್ಮಗ ದುಂಡೇಶ ಮತ್ತು ಮಾಯಾ ಒಂದೇ ವಾರದಲ್ಲಿ ಹುಟ್ಟಿದವರು. ನಾನು ಕೂಗಿದ್ದೇ ಬೋರವ್ವ ಅವನನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ಅವನ ಕೈಯಲ್ಲಿ ಅರ್ಧ ತಿಂದ ರೊಟ್ಟಿಯ ತುಣುಕು. ಸಾತವ್ವ ಎಡಗೈಯಲ್ಲಿ ದುಂಡೇಶನನ್ನು ತೆಗೆದುಕೊಂಡಳು. ನಾನು ಮಾಯಾಳನ್ನು ತಂದು ಅವಳ ಬಲಗೈಗೆ ಕೊಟ್ಟೆ.

ಅವಳು ಕಣ್ಣು ಅರೆಮುಚ್ಚಿದಳು. ದುಂಡೇಶ ರೊಟ್ಟಿ ಕಡಿಯುತ್ತಿದ್ದ. ಮಾಯಾಳ ತಲೆ ಅಜ್ಜಿಯ ಹೆಗಲಿಗೆ ವಾಲಿತು. ಸಾತವ್ವನ ಎಡಗೈ ತುಸು ತುಸುವೇ ಕೆಳಗಿಳಿಯುತ್ತಿತ್ತು, ಬಲಗೈ ಇದ್ದಲ್ಲೇ ಇತ್ತು. ಆಮೇಲೆ ಅವಳು ಕಣ್ಣು ತೆರೆದಳು. ದುಂಡೇಶನನ್ನು ಬೋರವ್ವನ ಕೈಗೆ ಕೊಟ್ಟಳು. ಮಾಯಾಳನ್ನು ಕೆಳಗಿಡಲಿಲ್ಲ. ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ದಡ್ಡಿಯ ಗೋಡೆಗೆ ಆನಿಕೊಂಡು ಕುಸಿದು ಕೂತಳು.

“ಮಾಳೂಗಿಂತ ಮೊದಲ ನನಗೊಂದ ಹೆಣ್ಣ ಕೂಸಿತ್ರಿ,” ಎಂದಳು. “ವರ್ಷದ್ದಾಗಿತ್ತು. ಕಡೀಕ ಹಿಂಗ ಇತ್ತು, ಹಿಂಗ ಹಗುರ. ಕೈಗೆ ನೆನಪೈತಿ.”

ನಾನೂ ನೆಲಕ್ಕೆ ಕೂತೆ. ನಾಲ್ಕೈದು ತಿಂಗಳು ಈ ಹೆಂಗಸಿನ ಜೊತೆ ಓಣಿ ತುಂಬ ಕೇಳುವಂತೆ ಜಗಳಾಡಿದ್ದೆ, ಒಂದು ದಿನವೂ ಪಕ್ಕದಲ್ಲಿ ಕೂತಿರಲಿಲ್ಲ. ನಾಚಿಕೆಯಾಯಿತು.

“ತೂಗ್ರಿ ಅಕ್ಕೋರ,” ಎಂದಳು. “ಆದ್ರ ಕೊಕ್ಕಿಗೆ ಬ್ಯಾಡ. ಕೆಳಗ ಇಡೂ ಮಸೀನ ಐತಲ್ಲ, ಬಸುರಿ ಹೆಣ್ಮಕ್ಕಳ್ನ ನಿಂದರಸ್ತೀರಲ್ಲ. ನಾ ಕೂಸಿನ್ನ ಎತಗೊಂಡು ಅದರ ಮ್ಯಾಲ ನಿಂದರತೇನಿ. ನನ್ನನ್ನೂ ಕೂಡೇ ತೂಗ್ರಿ.”

ಈ ಉಪಾಯ ನನ್ನ ತರಬೇತಿ ಪುಸ್ತಕದಲ್ಲೇ ಇದೆ. ದೊಡ್ಡವರನ್ನು ಕೂಸಿನೊಡನೆ ತೂಗಿ, ಆಮೇಲೆ ದೊಡ್ಡವರ ತೂಕ ಕಳೆಯುವುದು. ಗೆಲ್ಲುವ ಹಟದಲ್ಲಿದ್ದೆ, ನೆನಪೇ ಆಗಿರಲಿಲ್ಲ.

ಅಂಗನವಾಡಿಯಲ್ಲಿ ಸಾತವ್ವ ಚಪ್ಪಲಿ ಬಿಟ್ಟು, ಯಂತ್ರಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಹತ್ತಿ ನಿಂತಳು. ಐವತ್ತಮೂರು ಕಿಲೊ ನಾನೂರು. ಕೂಸನ್ನು ಬೋರವ್ವನಿಗೆ ಕೊಟ್ಟು ಒಬ್ಬಳೇ ನಿಂತಳು. ನಲವತ್ತೇಳು ಮುನ್ನೂರು. ಅಷ್ಟರಲ್ಲಿ ಯಾರೋ ಹೇಳಿ ಕಳಿಸಿದ್ದರಿಂದ ರೇಷ್ಮಾ ಹೊಲದಿಂದ ಓಡಿ ಬಂದಿದ್ದಳು. ಕಾಲಿಗೆ ಮೊಣಕಾಲತನಕ ಕೆಸರು.

“ಎಷ್ಟ್ರಿ?”

“ಆರು ಕಿಲೊ ನೂರು ಗ್ರಾಂ.”

“ಹೋದ ತಿಂಗಳ ಎಂಟ ಇತ್ತಲ್ರಿ.” ಅವಳು ನನ್ನನ್ನು, ಯಂತ್ರವನ್ನು, ಅತ್ತೆಯನ್ನು ನೋಡಿದಳು. “ಒಂದ ತಿಂಗಳದಾಗ ಎರಡ ಕಿಲೊ ಹೋತು?”

ಹೌದು, ಜುಲಾಬದಲ್ಲಿ ಇಳಿಯಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು. ಆ ಮಾತು ನನ್ನ ಬಾಯಿತನಕ ಬಂದಿತ್ತು ಕೂಡ.

“ಇಲ್ಲ ರೇಷ್ಮಾ,” ಎಂದೆ. “ಎಂಟು ಯಾವತ್ತೂ ಇರಲಿಲ್ಲ. ನಾ ತೂಗಿರಲಿಲ್ಲ. ಅಂದಾಜಿಲೆ ಬರದಿದ್ದೆ. ನಿನಗೂ ಹಂಗ ಹೇಳಿಬಿಟ್ಟೆ.”

ಬೋರವ್ವ ನೆಲ ನೋಡಿದಳು. ರೇಷ್ಮಾ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ನೀವು ಎಂಟ ಅಂದ್ರಿ ಅಂತ ನಾ ದಿನಾ ನಿಶ್ಚಿಂತಿ ಆಗಿ ಹೊಲಕ್ಕ ಹೋದ್ನಿ,” ಎಂದಳು. ಬೋರವ್ವನ ಕೈಯಿಂದ ಮಗಳನ್ನು ತೆಗೆದುಕೊಂಡು ನನಗೆ ಬೆನ್ನು ಮಾಡಿ ನಿಂತಳು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಅದೇ ಮಧ್ಯಾಹ್ನ ಟಂಟಂ ಹಿಡಿದು ಜಮಖಂಡಿಗೆ ಹೋದೆವು. ಸೊರಗಿದ ಮಕ್ಕಳನ್ನು ತಾಯಂದಿರೊಡನೆ ಇರಿಸಿಕೊಳ್ಳುವ ವಾರ್ಡಿನಲ್ಲಿ ಮಾಯಾಳಿಗೆ ಮಂಚ ಸಿಕ್ಕಿತು. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು: ಬಾಟಲಿಯ ಹೊಲಸು ಹೊಟ್ಟೆ ಕೆಡಿಸಿದೆ, ಹೊಟ್ಟೆ ಕೆಟ್ಟಾಗ ಊಟ ಬಿಡಿಸಿದ್ದರಿಂದ ಕೂಸು ಸೊರಗಿದೆ, ಸೊರಗಿದ ಕೂಸಿಗೆ ರೋಗ ಬೇಗ ಅಂಟಿ ಮತ್ತೆ ಹೊಟ್ಟೆ ಕೆಟ್ಟಿದೆ. ಗಾಣದ ಎತ್ತಿನ ಹಾಗೆ ಒಂದೇ ಕಡೆ ಸುತ್ತಿದೆ. ಜುಲಾಬ ಇದ್ದಾಗಲೂ ಉಣಿಸಬೇಕು, ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ಈಗ ಎರಡು ತಾಸಿಗೊಮ್ಮೆ ಅಳೆದು ಹಾಲು, ಒಮ್ಮೆಲೇ ಹೆಚ್ಚು ಕೊಟ್ಟರೆ ಜೀವಕ್ಕೇ ಅಪಾಯ ಎಂದು ನರ್ಸು ಹೇಳುತ್ತಿದ್ದಂತೆ ಸಾತವ್ವ ನಡುವೆಯೇ ತಲೆಯಾಡಿಸಿದಳು.

“ಗೊತ್ತೈತ್ರಿ. ಹಗುರ ಮರಿಗೆ ಹಂಗ ಕುಡಸೂದು.”

ಮೂರು ವಾರ ಅತ್ತೆ-ಸೊಸೆ ಸರದಿಯ ಮೇಲೆ ಅಲ್ಲಿದ್ದರು. ಬಾಟಲಿಯನ್ನು ಸಾತವ್ವ ತಾನೇ ಕಸದ ಡಬ್ಬಿಗೆ ಹಾಕಿದಳಂತೆ. ಅವಳು ಇಲ್ಲದಾಗ ಬೋರವ್ವ ಮರಿಗಳನ್ನು ನೋಡಿಕೊಂಡಳು. ನಾನು ಮೇಲಿನವರಿಗೆ ಫೋನು ಮಾಡಿ ಬರೆದ ಸುಳ್ಳು ತೂಕಗಳನ್ನೆಲ್ಲ ನಾನೇ ಹೇಳಿದೆ. ನೋಟಿಸು ಬಂತು, ಬರಬೇಕಾದ್ದೇ. ಪ್ರತಿ ರವಿವಾರ ದವಾಖಾನೆಗೆ ಹೋಗುತ್ತಿದ್ದೆ. ಸಾತವ್ವ ಮಾತಾಡಿಸುತ್ತಿದ್ದಳು. ರೇಷ್ಮಾ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಎರಡನೆಯ ರವಿವಾರ ಮಾಯಾ ನನ್ನನ್ನು ಕಂಡು ಬಾಯಿ ತೆರೆದು ಜೋರಾಗಿ ಅತ್ತಳು. ಆ ಅಳು ಕೇಳಿ ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ.

ಊರಿಗೆ ಬಂದ ಮೇಲೆ ಸಾತವ್ವ ಹೊಸ ಪದ್ಧತಿ ಹಿಡಿದಳು. ನುಚ್ಚಿಗೆ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ಶೇಂಗಾ ಪುಡಿ, ಒಂದು ಚಮಚ ತುಪ್ಪ. ದಿನಕ್ಕೆ ಐದು ಸಲ, ಪ್ರತಿ ಸಲ ಸಾಬಾಣದಿಂದ ಕೈ ತೊಳೆದು. ಒಂದು ದಿನ ಬಿಟ್ಟು ಒಂದು ದಿನ ಕುದಿಸಿದ ತತ್ತಿ. “ನೀವ ಸುಲಿದು ಕೊಡ್ರಿ ಅಕ್ಕೋರ, ನಿಮ್ಮ ಕೈ ರೂಢಿ ಐತಿ,” ಎಂದು ನನ್ನನ್ನು ಕಾಡುತ್ತಿದ್ದಳು. ವಾರಕ್ಕೊಮ್ಮೆ ಅಂಗಳದಲ್ಲಿ ದುಂಡೇಶನನ್ನೂ ಮಾಯಾಳನ್ನೂ ಜೋಡಿ ಎತ್ತಿ ನೋಡುವುದು. ದುಂಡೇಶ ಆಗಲೇ ಓಡಾಡುತ್ತಿದ್ದ, ಸಾತವ್ವನನ್ನು ಕಂಡರೆ ತಪ್ಪಿಸಿಕೊಂಡು ಓಡುತ್ತಿದ್ದ. ಓಣಿಯ ಬೇರೆ ಅಜ್ಜಿಯರೂ ತಮ್ಮ ತಮ್ಮ ಕೂಸುಗಳನ್ನು ತಂದು ಅವನ ಜೋಡಿ ಎತ್ತಿಸಲು ಶುರುಮಾಡಿದರು. ಇಷ್ಟು ದಿನ ತೂಕದ ದಿನ ನಾನು ಬಾಗಿಲು ಬಡಿದು ಕರೆತರಬೇಕಾಗಿದ್ದವರೇ ಇವರು. ಈಗ ನಾನು ಕರೆಯಬೇಕಾಗಿಲ್ಲ.

ದಸರೆ ಮುಗಿದ ಮೇಲೆ ತೂಕದ ದಿನ ಬಂತು. ರೇಷ್ಮಾ ಅವತ್ತು ಕೆಲಸ ಬಿಟ್ಟು ತಾನೂ ಬಂದಿದ್ದಳು. ಸಾತವ್ವ ಯಂತ್ರ ಹತ್ತುವ ಮೊದಲೇ ಮೊಮ್ಮಗಳನ್ನು ಮೇಲೆತ್ತಿ ಇಳಿಸಿ, “ಎಂಟ ಆಗೇತಿ,” ಎಂದು ಸಾರಿಬಿಟ್ಟಳು.

ಕೂಸಿನೊಡನೆ ಐವತ್ತೈದು ನಾನೂರು. ಒಬ್ಬಳೇ ನಲವತ್ತೇಳು ಆರುನೂರು.

“ಏಳು ಕಿಲೊ ಎಂಟುನೂರು,” ಎಂದೆ.

“ನಿಮ್ಮ ಮಸೀನ ತಪ್ಪ ಹೇಳತೈತಿ. ನನ್ನ ಕೈ ಎಂಟ ಅಂತೈತಿ.”

ಫೋನು ನನ್ನ ಕೈಯಲ್ಲಿತ್ತು. ಇನ್ನೂರು ಗ್ರಾಂ, ಒಂದು ಲೋಟ ನೀರಿನಷ್ಟೂ ಅಲ್ಲ. ಮುದುಕಿಯ ಮುಖ ನೋಡಿದರೆ ಎಂಟು ಎಂದೇ ಒತ್ತಬೇಕು ಅನಿಸುತ್ತಿತ್ತು. ರೇಷ್ಮಾ ಮುಂದೆ ಬಂದಳು. ಅವಳಿಗೆ ಓದಲು ಬರುತ್ತದೆ. ನನ್ನ ಮುಖ ನೋಡಲಿಲ್ಲ, ಬೆರಳನ್ನೇ ನೋಡಿದಳು.

“ಇದ್ದಷ್ಟ ಬರೀರಿ ಅಕ್ಕೋರ,” ಎಂದಳು. “ಎಂಟ ಆಕಿನ ಆಗತಾಳ.”

ಏಳು, ಚುಕ್ಕೆ, ಎಂಟು ಎಂದು ಅವಳಿಗೆ ಕಾಣುವಂತೆ ಒಂದೊಂದಾಗಿ ಒತ್ತಿದೆ. ಅವಳು ನೋಡಿ ತಲೆಯಾಡಿಸಿದಳು. ಆಮೇಲೆ ಅತ್ತೆಯ ಕೈಯಿಂದ ಮಗಳನ್ನು ತೆಗೆದುಕೊಂಡು, ತುಸು ತಡೆದು, ನನ್ನ ಕಡೆ ಚಾಚಿದಳು.

“ಹಿಡೀರಿ. ನೀವೂ ಒಮ್ಮೆ ಎತ್ತಿ ನೋಡ್ರಿ.”

ನಾನು ಫೋನನ್ನು ಕಿಟಕಿಯಲ್ಲಿಟ್ಟು ಎರಡೂ ಕೈ ಚಾಚಿದೆ. ಮಾಯಾ ನನ್ನ ಮುಖ ನೋಡಿ ಅಳಲು ತುಟಿ ಓರೆ ಮಾಡಿದಳು, ಏನೆನಿಸಿತೋ, ಅಳದೆ ನನ್ನ ಕನ್ನಡಕಕ್ಕೆ ಕೈ ಹಾಕಿದಳು. ನಾಲ್ಕೈದು ತಿಂಗಳು ನಾನು ಈ ಕೂಸಿನ ತೂಕ ಬರೆದಿದ್ದೆ. ತೂಕ ಅಂದರೇನೆಂದು ನನ್ನ ಕೈಗೆ ಗೊತ್ತಾದದ್ದು ಅವತ್ತು.